ಪ್ರಾಣಿಗಳ ಬಗ್ಗೆ ಬರೆಯುವ ಮೊದಲು ಓದಬೇಕಾದ್ದು: ಯುವ ಕಥೆಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ನಮಸ್ಕಾರ. ನೀವು ಕಳುಹಿಸಿದ ಕಥೆಯನ್ನು ಸಾವಕಾಶವಾಗಿ ಓದಿದೆ. ರಾಗಿ ಹೊಲದ ಅಂಚಿನ ಅಟ್ಟಣೆ, ಕಾವಲಿನವರು ಬೀಡಿ ಹಚ್ಚಿಕೊಂಡು ಆಡುವ ಮಾತು, ಪಟಾಕಿಯ ಕಟ್ಟು ಇಬ್ಬನಿಗೆ ತೊಯ್ಯದಂತೆ ಅದನ್ನು ಕಂಬಳಿಯೊಳಗೆ ಇಟ್ಟುಕೊಳ್ಳುವ ರೀತಿ, ಇವೆಲ್ಲ ಕಣ್ಣಾರೆ ನೋಡಿದವರು ಮಾತ್ರ ಬರೆಯಬಲ್ಲ ಸಂಗತಿಗಳು. ಆದರೆ ಒಂಟಿಸಲಗ ಹೊಲಕ್ಕೆ ಕಾಲಿಟ್ಟ ಕೂಡಲೇ ಕಥೆಯ ದನಿ ಬದಲಾಗಿಬಿಡುತ್ತದೆ. ಅದು ಕಳೆದುಹೋದ ಕಾಡನ್ನು ನೆನೆದು ಕಣ್ಣೀರಿಡುತ್ತದೆ, ಮನುಷ್ಯನ ದುರಾಸೆಯನ್ನು ಕುರಿತು ಮನಸ್ಸಿನಲ್ಲೇ ದೀರ್ಘವಾಗಿ ಚಿಂತಿಸುತ್ತದೆ, ಕೊನೆಗೆ ರೈತನನ್ನು ಕ್ಷಮಿಸಿ ಹಿಂತಿರುಗುತ್ತದೆ. ಅಷ್ಟು ಹೊತ್ತಿಗೆ ಆ ಹೊಲದಲ್ಲಿ ಆನೆಯೇ ಉಳಿದಿಲ್ಲ. ಅದರ ಜಾಗದಲ್ಲಿ ನೀವು ನಿಂತು ಮಾತನಾಡುತ್ತಿದ್ದೀರಿ.

ಪ್ರಾಣಿಗಳನ್ನು ಕುರಿತು ದೊಡ್ಡವರಿಗಾಗಿ ಬರೆದ ಪುಸ್ತಕಗಳಲ್ಲಿ ಯಾವುವನ್ನು ಓದಬೇಕೆಂದು ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಕಥೆಯ ಬಗ್ಗೆ ನಾನು ಹೇಳಬೇಕಾದ್ದೂ ಅದರಲ್ಲೇ ಬರುತ್ತದೆ. ಇಂಥ ಪುಸ್ತಕವನ್ನು ತೂಗಿ ನೋಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಲೇಖಕನು ವಹಿಸಿದ ಕೆಲಸವನ್ನು ಬಿಟ್ಟು ಈ ಪ್ರಾಣಿಗೆ ತನ್ನದೇ ಆದ ಕೆಲಸವೊಂದು ಇದೆಯೇ?

ಆನೆಯಿಂದಲೇ ಆರಂಭಿಸೋಣ. ಜಾರ್ಜ್ ಆರ್ವೆಲ್ 1936ರಲ್ಲಿ ಪ್ರಕಟಿಸಿದ 'ಶೂಟಿಂಗ್ ಆ್ಯನ್ ಎಲಿಫೆಂಟ್' ಎಂಬ ಪ್ರಬಂಧವನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಬರ್ಮಾದ ಮೌಲ್ಮೇನ್‌ನಲ್ಲಿ ಮದವೇರಿದ ಸಾಕಾನೆಯೊಂದು ಸರಪಳಿ ಹರಿದುಕೊಂಡು ಹೋಗಿ ಕೂಲಿಯಾಳೊಬ್ಬನನ್ನು ತುಳಿದು ಕೊಂದಿದೆ. ಪೊಲೀಸ್ ಅಧಿಕಾರಿಯಾದ ನಿರೂಪಕ ಬಂದೂಕು ಹಿಡಿದು ಅದರ ಬಳಿಗೆ ಬರುವ ಹೊತ್ತಿಗೆ ಮದ ಇಳಿಯುತ್ತಿದೆ, ಆನೆ ತನ್ನ ಪಾಡಿಗೆ ತಾನು ಹುಲ್ಲು ಮೇಯುತ್ತಿದೆ. ಹುಲ್ಲಿನ ಕಂತೆಯನ್ನು ಕಿತ್ತು, ಮಣ್ಣು ಉದುರಲೆಂದು ಮೊಣಕಾಲಿಗೆ ಬಡಿದು, ಆಮೇಲೆ ಬಾಯಿಗಿಡುತ್ತದೆ. ಪ್ರಬಂಧದ ನಿಜವಾದ ವಸ್ತು ವಸಾಹತುಶಾಹಿ. ಹಿಂದೆ ನೆರೆದ ಜನಸ್ತೋಮದ ಮುಂದೆ ನಗೆಪಾಟಲಾಗಬಾರದೆಂಬ ಒಂದೇ ಕಾರಣಕ್ಕೆ ನಿರೂಪಕ ಗುಂಡು ಹಾರಿಸುತ್ತಾನೆ. ಆದರೂ ಹುಲ್ಲನ್ನು ಮೊಣಕಾಲಿಗೆ ಬಡಿಯುವ ಆ ಒಂದು ವಾಕ್ಯ ಇಲ್ಲದಿದ್ದರೆ ಅಧಿಕಾರವನ್ನು ಕುರಿತ ಅಷ್ಟೂ ವಿಚಾರಕ್ಕೆ ಜೀವವೇ ಬರುತ್ತಿರಲಿಲ್ಲ. ಆ ಆನೆಗೆ ಸಾಮ್ರಾಜ್ಯದ ಗೊಡವೆ ಇಲ್ಲ, ಅದಕ್ಕೆ ಹುಲ್ಲಿನ ಬೇರಿಗಂಟಿದ ಮಣ್ಣಿನ ಚಿಂತೆ ಇದೆ. ಅದು ಸಾಯುವುದನ್ನು ಓದುವಾಗ ನಮಗೆ ತಡೆದುಕೊಳ್ಳಲಾಗದಿರುವುದು ಈ ಕಾರಣಕ್ಕೆ.

ನಿಮ್ಮ ಸಲಗದ ಕೆಲಸವೇನೆಂದು ತಿಳಿಯಬೇಕಾದರೆ ನೀವು ಕಥೆಗಾರರ ಬಳಿಗೆ ಹೋಗುವ ಮುನ್ನ ಒಬ್ಬ ವಿಜ್ಞಾನಿಯ ಬಳಿಗೆ ಹೋಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಮತ್ತು ಹಾಸನೂರು ಸುತ್ತಿನ ಕಾಡುಗಳಲ್ಲಿ ಆನೆಗಳ ಹಿಂದೆ ಅಲೆದವರು. ಆ ಅನುಭವವನ್ನು ಸಾಮಾನ್ಯ ಓದುಗರಿಗಾಗಿ 1994ರಲ್ಲಿ 'ಎಲಿಫೆಂಟ್ ಡೇಸ್ ಆ್ಯಂಡ್ ನೈಟ್ಸ್' ಎಂಬ ಪುಸ್ತಕವಾಗಿ ಬರೆದರು. ಹೊಲಕ್ಕೆ ನುಗ್ಗುವುದರಲ್ಲಿ ಗುಂಪಿನ ಹೆಣ್ಣಾನೆಗಳಿಗಿಂತ ಪ್ರಾಯಕ್ಕೆ ಬಂದ ಗಂಡಾನೆಗಳೇ ಬಹಳ ಮುಂದು ಎಂಬುದು ಅವರ ಅಧ್ಯಯನದಲ್ಲಿ ಸ್ಪಷ್ಟವಾಗಿ ಕಂಡ ಸಂಗತಿ. ಕಾಡಿನ ಹುಲ್ಲಿಗಿಂತ ರಾಗಿಯಂಥ ಬೆಳೆಯಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ಚೆನ್ನಾಗಿ ಮೇದು ಮೈ ಕಟ್ಟಿದ ಗಂಡು, ಹೆಣ್ಣಿಗಾಗಿ ಬೇರೆ ಗಂಡುಗಳ ಎದುರು ನಿಲ್ಲಬಲ್ಲದು. ಆದ್ದರಿಂದ ಬೆಂಕಿ, ಗುಂಡು, ಕಂದಕಗಳ ಅಪಾಯ ಎದುರಿಸಿದರೂ ಅದಕ್ಕೆ ಲಾಭವಿದೆ. ಮರಿಗಳನ್ನು ಕಟ್ಟಿಕೊಂಡ ಹೆಣ್ಣಾನೆಗೆ ಅದೇ ಅಪಾಯ ತೀರ ದುಬಾರಿ. ಈಗ ನಿಮ್ಮ ಸಲಗವನ್ನು ಮತ್ತೊಮ್ಮೆ ನೋಡಿ. ಅದು ದುಃಖದಿಂದ ಬಂದಿಲ್ಲ, ಲೆಕ್ಕ ಹಾಕಿ ಬಂದಿದೆ. ಅಟ್ಟಣೆಯ ಮೇಲೆ ಕುಳಿತ ರೈತ ತನ್ನ ವರ್ಷದ ಲೆಕ್ಕವನ್ನು ಹಾಕುತ್ತಿರುವಂತೆಯೇ ಅದೂ ಹಾಕುತ್ತಿದೆ. ಕಾಡು ತುಂಡುತುಂಡಾಗಿರುವುದು, ಆನೆಗಳ ಹಾದಿಗೆ ಅಡ್ಡ ಬಂದ ತೋಟ, ರಸ್ತೆ, ಕಾಲುವೆಗಳು, ಇವೆಲ್ಲ ನಿಜ, ಕಥೆಯಲ್ಲಿ ಅವೂ ಇರಬೇಕು. ಆದರೆ ಅವನ್ನು ಆನೆಯ ಬಾಯಿಂದ ಹೇಳಿಸಬೇಕಾಗಿಲ್ಲ. ಒಂದು ಹೊಲದಲ್ಲಿ ಎರಡು ಲೆಕ್ಕಗಳು ಎದುರಾಗುವುದನ್ನು ತೋರಿಸಿದರೆ, ನೀವು ಭಾಷಣದಿಂದ ಹುಟ್ಟಿಸಲು ಹೊರಟ ಮರುಕಕ್ಕಿಂತ ಆಳವಾದದ್ದೇನೋ ಓದುಗರಲ್ಲಿ ಹುಟ್ಟುತ್ತದೆ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಮಾತನಾಡುವ ಪ್ರಾಣಿಗಳು ನಮ್ಮ ಸಾಹಿತ್ಯಕ್ಕೆ ಹೊಸತೇನಲ್ಲ, ಅವನ್ನು ಕೀಳೆಂದು ಕಾಣಬೇಕಾಗಿಯೂ ಇಲ್ಲ. ದುರ್ಗಸಿಂಹನ 'ಕರ್ಣಾಟಕ ಪಂಚತಂತ್ರ' ಹನ್ನೊಂದನೆಯ ಶತಮಾನದ್ದು. ಪುಣ್ಯಕೋಟಿಯ ಹಾಡನ್ನು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಅಲ್ಲಿನ ನರಿ, ಸಿಂಹ, ಹಸು, ಹುಲಿಗಳು ರಾಜನೀತಿಯನ್ನೂ ಸತ್ಯವನ್ನೂ ಹೇಳಲು ನಿಂತವು, ಹಾಗೆಂದು ಮೊದಲೇ ಒಪ್ಪಿಕೊಂಡು ನಾವು ಕೇಳುತ್ತೇವೆ. ನಿಮ್ಮ ಕಥೆ ವಾಸ್ತವದ ಒಪ್ಪಂದದ ಮೇಲೆ ನಡೆಯುತ್ತಿದೆ, ತೊಡಕು ಇರುವುದು ಅಲ್ಲಿ.

ಆ ಒಪ್ಪಂದದೊಳಗೇ ಪ್ರಾಣಿಯ ಬಾಯಲ್ಲಿ ಮಾತು ಹುಟ್ಟಿಸಿ ಗೆದ್ದವರು ಟಾಲ್‌ಸ್ಟಾಯ್. 1886ರಲ್ಲಿ ಪ್ರಕಟವಾದ ಅವರ 'ಖೋಲ್ಸ್ಟೋಮರ್' ಕಥೆಯಲ್ಲಿ ಮುದಿ ಕುದುರೆಯೊಂದು ಲಾಯದ ಕುದುರೆಗಳಿಗೆ ರಾತ್ರಿ ರಾತ್ರಿ ತನ್ನ ಕಥೆ ಹೇಳುತ್ತದೆ. ಒಳ್ಳೆಯ ತಳಿಯದಾದರೂ ಮೈಮೇಲಿನ ಮಚ್ಚೆಗಳಿಂದಾಗಿ ತಿರಸ್ಕಾರಕ್ಕೊಳಗಾಗಿ, ಬೀಜ ಒಡೆಸಿಕೊಂಡ ಕುದುರೆ ಅದು. ಮನುಷ್ಯರು ಭೂಮಿಯನ್ನೂ ಕುದುರೆಯನ್ನೂ ಹೆಂಗಸರನ್ನೂ 'ನನ್ನದು' ಎಂದು ಕರೆಯುವುದು ಅದಕ್ಕೆ ಅರ್ಥವೇ ಆಗುವುದಿಲ್ಲ, ಏಕೆಂದರೆ ತನ್ನನ್ನು 'ನನ್ನದು' ಎನ್ನುವವನು ತನಗೆ ಮೇವು ಹಾಕುವವನಲ್ಲ, ಮೇವು ಹಾಕುವವನು ಹಾಗೆ ಹೇಳುವವನಲ್ಲ. ಕುದುರೆಗೆ ಇಲ್ಲಿ ಮಾತು ಸಿಕ್ಕಿದೆ, ಆದರೆ ಅದರ ತಿಳಿವಳಿಕೆ ಲಾಯದಿಂದ, ಮೇವಿನಿಂದ, ಚಾಟಿಯಿಂದ ಬಂದದ್ದು. ಕೊನೆಗೆ ಅದನ್ನು ಕೊಂದು ಚರ್ಮ ಸುಲಿಯುತ್ತಾರೆ. ತೋಳವೊಂದು ಆ ಮಾಂಸವನ್ನು ಒಯ್ದು ಮರಿಗಳಿಗೆ ಉಣಿಸುತ್ತದೆ. ಹಿಂದೊಮ್ಮೆ ಅದರ ಒಡೆಯನಾಗಿದ್ದವನ ಹೆಣ ಮಾತ್ರ ಯಾರ ಉಪಯೋಗಕ್ಕೂ ಬಾರದೆ ಮಣ್ಣು ಸೇರುತ್ತದೆ. ಪ್ರಾಣಿಯ ಬಾಯಿಂದ ಮನುಷ್ಯರನ್ನು ಟೀಕಿಸಲೇಬೇಕೆಂದರೆ ಇಷ್ಟು ಕಠಿಣವಾಗಿ, ಇಷ್ಟು ಕಣ್ಣೀರಿಲ್ಲದೆ ಟೀಕಿಸಬೇಕು.

ಕನ್ನಡದಲ್ಲಿ ನೀವು ಮೊದಲು ಹೋಗಬೇಕಾದದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಗೆ. 1967ರಲ್ಲಿ ಪ್ರಕಟವಾದ ಈ ಬೃಹತ್ ಕೃತಿಯನ್ನು ಯಾರೂ ಪ್ರಾಣಿಗಳ ಕಾದಂಬರಿ ಎಂದು ಕರೆಯುವುದಿಲ್ಲ. ಆದರೆ ನಾಯಿಗುತ್ತಿಯ 'ಹುಲಿಯ' ಎಂಬ ಹೆಸರಿನ ನಾಯಿಯಂಥದ್ದು ನಮ್ಮ ಕಾದಂಬರಿಗಳಲ್ಲಿ ಇನ್ನೊಂದಿಲ್ಲ. ಜೀತದಾಳಾದ ಗುತ್ತಿಯ ಹೆಸರಿಗೇ ನಾಯಿ ಅಂಟಿಕೊಳ್ಳುವಷ್ಟು ಅವರಿಬ್ಬರೂ ಜೊತೆ. ಗುತ್ತಿ ತಿಮ್ಮಿಯನ್ನು ಕರೆದುಕೊಂಡು ತುಂಬಿ ಹರಿಯುವ ತುಂಗೆಯನ್ನು ದಾಟುವಾಗ ಹುಲಿಯ ಪ್ರವಾಹದಲ್ಲಿ ಕೊಚ್ಚಿಹೋಗುವ ಭಾಗವನ್ನು ನಿಧಾನವಾಗಿ ಓದಿ. ನಾಯಿಯ ಸಾವಿಗೆ ಅಲ್ಲಿ ಮನುಷ್ಯರ ಸಾವಿನಷ್ಟೇ ತೂಕವಿದೆ, ಆದರೆ ಆ ತೂಕಕ್ಕಾಗಿ ಲೇಖಕರು ನಾಯಿಯನ್ನು ಮನುಷ್ಯನನ್ನಾಗಿ ಮಾಡಿಲ್ಲ. ಕಾದಂಬರಿಯುದ್ದಕ್ಕೂ ಅದು ಮೂಸುತ್ತದೆ, ಕಾದಾಡುತ್ತದೆ, ಒಡೆಯನ ಹಿಂದೆ ಓಡುತ್ತದೆ. ಓದುಗರು ಅದನ್ನು ನಾಯಿಯಾಗಿಯೇ ಪ್ರೀತಿಸಿರುತ್ತಾರೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಆ ಕೃತಿಯ ಆರಂಭದಲ್ಲಿ ಕೊಟ್ಟ ಮಾತನ್ನು ಕುವೆಂಪು ಒಂದು ನಾಯಿಯ ವಿಷಯದಲ್ಲೂ ಉಳಿಸಿಕೊಂಡರು.

ಅವರ ಮಗ ತೇಜಸ್ವಿಯವರ 'ಕರ್ವಾಲೊ' (1980) ನೀವು ಈಗಾಗಲೇ ಓದಿರಬಹುದು, ಆದರೂ ಈ ಪ್ರಶ್ನೆಯನ್ನು ಇಟ್ಟುಕೊಂಡು ಮತ್ತೊಮ್ಮೆ ಓದಿ. ವಿಜ್ಞಾನಿ ಕರ್ವಾಲೊ ಅವರ ಇಡೀ ತಂಡ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಕ್ಕು, ಬೆಟ್ಟ ಹತ್ತಿ, ಕೊನೆಗೆ ಅದನ್ನು ಕಂಡಾಗ ಅದು ಯಾರ ಕೈಗೂ ಸಿಗದೆ ಕಣಿವೆಯ ಮೇಲೆ ತೇಲಿ ಹೋಗಿಬಿಡುತ್ತದೆ. ಮಂದಣ್ಣ, ಪ್ಯಾರ, ಎಂಗ್ಟ, ಕರಿಯಪ್ಪ ಎಲ್ಲರನ್ನೂ ಒಟ್ಟುಗೂಡಿಸಿದ ಜೀವಿಗೆ ಅವರ ಅರಿವೇ ಇಲ್ಲ. ಜೊತೆಗೆ 'ಪರಿಸರದ ಕತೆ'ಯನ್ನೂ ಓದಿ. ವಾಕ್ಯಗಳು ಎಷ್ಟು ಸರಳವಾಗಿದ್ದೂ ಎಷ್ಟು ನಿಖರವಾಗಿವೆ ಎಂಬುದು ಕಾಣುತ್ತದೆ. ಭೈರಪ್ಪನವರ 'ತಬ್ಬಲಿಯು ನೀನಾದೆ ಮಗನೆ' ಹಸುವಿನ ಸುತ್ತ ಹೆಣೆದ ಬಲವಾದ ಕಾದಂಬರಿ, ಆದರೆ ಅಲ್ಲಿ ಹಸು ಎರಡು ಸಂಸ್ಕೃತಿಗಳ ವಾದದ ನೆಲೆ. ಅದನ್ನು ಆ ವಾದಕ್ಕಾಗಿ ಓದಿ. ಪ್ರಾಣಿಯನ್ನು ಚಿತ್ರಿಸುವುದನ್ನು ಕಲಿಯಲು ಅದು ಮೊದಲ ಆಯ್ಕೆಯಾಗಬೇಕಿಲ್ಲ.

ಪ್ರಾಣಿಗೆ ಭಾವನೆಗಳೇ ಇಲ್ಲವೆಂದು ಬರೆಯಬೇಕೇ ಎಂದು ನೀವು ಕೇಳಬಹುದು. ಖಂಡಿತ ಬೇಡ. ಈ ಇಕ್ಕಟ್ಟಿಗೆ ನಾನು ಕಂಡ ಅತ್ಯಂತ ಪ್ರಾಮಾಣಿಕ ಉತ್ತರ ರೇಚಲ್ ಕಾರ್ಸನ್ ಅವರದು. ಕಡಲಜೀವಿಗಳ ವಿಜ್ಞಾನಿಯಾಗಿದ್ದ ಅವರ ಮೊದಲ ಪುಸ್ತಕ 'ಅಂಡರ್ ದಿ ಸೀ ವಿಂಡ್' 1941ರಲ್ಲಿ ಬಂತು. ಅದರ ಒಂದು ಭಾಗದ ನಾಯಕ, ನಮ್ಮ ಕರಾವಳಿಯ ಬಂಗುಡೆಯ ಬಳಗಕ್ಕೆ ಸೇರಿದ ಅಟ್ಲಾಂಟಿಕ್‌ನ ಮೀನು. ಮೀನು ಶತ್ರುವಿಗೆ ಹೆದರಿತು ಎಂದು ತಾವು ಬರೆದದ್ದು, ಅದು ನಮ್ಮಂತೆಯೇ ಭಯವನ್ನು ಅನುಭವಿಸುತ್ತದೆಂಬ ನಂಬಿಕೆಯಿಂದಲ್ಲ, ಹೆದರಿದಂತೆ ಅದು ನಡೆದುಕೊಳ್ಳುತ್ತದೆ ಎಂಬ ಕಾರಣದಿಂದ ಎಂದು ಅವರು ಮುನ್ನುಡಿಯಲ್ಲೇ ಓದುಗರಿಗೆ ತಿಳಿಸುತ್ತಾರೆ. ಲೇಖಕರಿಗೆ ಇದಕ್ಕಿಂತ ಉಪಯುಕ್ತವಾದ ಮಾತು ಬೇರೆ ಬೇಕಿಲ್ಲ: ನಡವಳಿಕೆಯನ್ನು ಅಷ್ಟು ಸ್ಪಷ್ಟವಾಗಿ ಬರೆದರೆ ಭಯವನ್ನು ಓದುಗರೇ ಕಾಣುತ್ತಾರೆ. ಜೇನ್ ಗುಡಾಲ್ ಅವರ 'ಇನ್ ದಿ ಶ್ಯಾಡೋ ಆಫ್ ಮ್ಯಾನ್' (1971) ಇದರ ಇನ್ನೊಂದು ಮಗ್ಗುಲು. ಆಫ್ರಿಕಾದ ಟಾಂಜಾನಿಯಾದಲ್ಲಿರುವ ಗೊಂಬೆ ಎಂಬ ಕಾಡಿನ ಚಿಂಪಾಂಜಿಗಳಿಗೆ ಅವರು ಸಂಖ್ಯೆಗಳ ಬದಲು ಹೆಸರುಗಳನ್ನಿಟ್ಟರು, ಒಂದೊಂದರ ಸ್ವಭಾವವನ್ನೂ ಬೇರೆಬೇರೆಯಾಗಿ ಗುರುತಿಸಿದರು. ಡೇವಿಡ್ ಗ್ರೇಬಿಯರ್ಡ್ ಎಂಬ ಚಿಂಪಾಂಜಿ ಹುಲ್ಲಿನ ಕಡ್ಡಿಯನ್ನು ಹುತ್ತದೊಳಗೆ ತೂರಿಸಿ ಗೆದ್ದಲನ್ನು ಹೊರತೆಗೆದು ತಿನ್ನುವುದನ್ನು ಅವರು ಕಂಡದ್ದು 1960ರಲ್ಲಿ; ಉಪಕರಣ ಬಳಸುವುದು ಮನುಷ್ಯನ ಸ್ವತ್ತೆಂಬ ನಂಬಿಕೆ ಅಲ್ಲಿಗೆ ಮುರಿಯಿತು.

ಬೇಟೆಯ ಕಥನಗಳನ್ನು ದೂರವಿಡಬೇಡಿ. ಜಿಮ್ ಕಾರ್ಬೆಟ್ ಮತ್ತು ಕೆನೆತ್ ಆ್ಯಂಡರ್ಸನ್ ಇಬ್ಬರನ್ನೂ ತೇಜಸ್ವಿಯವರು ಕನ್ನಡಕ್ಕೆ ತಂದಿರುವುದರಿಂದ ಭಾಷೆಯ ಅಡ್ಡಿಯೂ ಇಲ್ಲ. ಕೊಂದ ಸಾಹಸಕ್ಕಿಂತ ಹೆಚ್ಚಾಗಿ, ಹುಲಿಯೊಂದು ನರಭಕ್ಷಕನಾದದ್ದೇಕೆ ಎಂದು ಕಾರ್ಬೆಟ್ ಪತ್ತೆಹಚ್ಚುವ ರೀತಿಯನ್ನು ಗಮನಿಸಿ: ಚಂಪಾವತದ ಹೆಣ್ಣುಹುಲಿಯ ಬಲಭಾಗದ ಕೋರೆಹಲ್ಲುಗಳು ಹಳೆಯ ಗುಂಡಿನೇಟಿಗೆ ಮುರಿದಿದ್ದವು, ಸಹಜ ಬೇಟೆ ಅದಕ್ಕೆ ಸಾಧ್ಯವಿರಲಿಲ್ಲ. ಕೃಪಾಕರ ಮತ್ತು ಸೇನಾನಿಯವರ 'ಕೆನ್ನಾಯಿಯ ಜಾಡಿನಲ್ಲಿ' ಬಂದೂಕಿಲ್ಲದ ಜಾಡು ಹಿಡಿಯುವಿಕೆ. ಕಾಡುನಾಯಿಗಳನ್ನು ಕ್ರೂರಿಗಳೆಂದು ಬೈದು ಕೊಲ್ಲುತ್ತಿದ್ದ ಕಾಲವೊಂದಿತ್ತು. ಮರಿಗಳಿಗೂ ಅವನ್ನು ಕಾಯುತ್ತ ಗೂಡಿನ ಬಳಿ ಉಳಿದವುಗಳಿಗೂ ಮಾಂಸವನ್ನು ಕಕ್ಕಿ ಕೊಡುವ ಜೀವಿಗಳು ಅವು. ಸಂಡೂರು ಸಂಸ್ಥಾನದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದ ಎಂ. ಕೃಷ್ಣನ್ ಅವರು 1950ರಿಂದ 1996ರವರೆಗೆ 'ದಿ ಸ್ಟೇಟ್ಸ್‌ಮನ್' ಪತ್ರಿಕೆಗೆ ಅಂಕಣ ಬರೆದರು. ಆಯ್ದ ಬರಹಗಳು 'ನೇಚರ್ಸ್ ಸ್ಪೋಕ್ಸ್‌ಮನ್' ಎಂಬ ಸಂಪುಟದಲ್ಲಿವೆ. ಕಾಡಿನ ದೊಡ್ಡ ಮೃಗಗಳಿಗೆ ಕೊಟ್ಟ ಗಮನವನ್ನೇ ಅವರು ಮನೆಯ ಸುತ್ತಿನ ಜೀವಿಗಳಿಗೂ ಕೊಟ್ಟರು, ಇದನ್ನು ನಾನು ಬಹಳ ದೊಡ್ಡ ಗುಣವೆಂದು ಭಾವಿಸುತ್ತೇನೆ.

ಕೊನೆಯದಾಗಿ ಬಷೀರರ 'ಪಾತುಮ್ಮಳ ಆಡು'. ಮಲಯಾಳಂನಲ್ಲಿ 1959ರಲ್ಲಿ ಬಂದ ಈ ಕಿರುಕಾದಂಬರಿಯ ಕನ್ನಡ ಅನುವಾದವೂ ಇದೆ. ಮನೆಗೆ ಮರಳಿದ ಲೇಖಕನ ಸ್ವಂತ ಕೃತಿಗಳ ಪ್ರತಿಗಳನ್ನೇ ಆ ಆಡು ಅಗಿದು ನುಂಗುತ್ತದೆ. ಸಿಕ್ಕಿದ್ದನ್ನೆಲ್ಲ ತಿನ್ನುವುದು ಅದರ ಕೆಲಸ, ಆ ಕೆಲಸದಿಂದಲೇ ಒಂದು ಬಡ ಕುಟುಂಬದ ಹಸಿವು, ಜಗಳ, ಒಲವು ಎಲ್ಲವೂ ಬಿಚ್ಚಿಕೊಳ್ಳುತ್ತವೆ.

ಓದುವಾಗ ಒಂದು ಅಭ್ಯಾಸ ಮಾಡಿ. ಪ್ರಾಣಿ ಬರುವ ಪುಟಗಳಲ್ಲಿ ಅದು ಮಾಡುವ ಕ್ರಿಯೆಗಳ ಕೆಳಗೆ ಮಾತ್ರ ಪೆನ್ಸಿಲಿನಿಂದ ಗೆರೆ ಎಳೆಯಿರಿ, ವಿಶೇಷಣಗಳನ್ನು ಬಿಟ್ಟುಬಿಡಿ. ನಂತರ ನಿಮ್ಮ ಕಥೆಯ ಮೇಲೂ ಹಾಗೆಯೇ ಎಳೆದು ನೋಡಿ. ಕಥೆಯನ್ನು ಈಗಲೇ ತಿದ್ದಲು ಕೂರಬೇಡಿ. ಮೊದಲು ಆರ್ವೆಲ್, ಆಮೇಲೆ ಸುಕುಮಾರ್, ಆಮೇಲೆ ಹುಲಿಯನ ಭಾಗಗಳು, ಉಳಿದವು ನಿಮ್ಮ ಇಷ್ಟದಂತೆ. ಸುಕುಮಾರ್ ಅವರ ಪುಸ್ತಕ ನಿಮ್ಮ ಊರಿನ ಗ್ರಂಥಾಲಯದಲ್ಲಿ ಸಿಗದಿದ್ದರೆ ತಿಳಿಸಿ, ನನ್ನ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸುತ್ತೇನೆ. ಓದಿ ಮುಗಿದ ಮೇಲೆ ತಿದ್ದಿದ ಕಥೆಯ ಜೊತೆಗೆ ಅದನ್ನೂ ಮರಳಿಸಿದರೆ ಸಾಕು.

ಇಂತು ನಿಮ್ಮ ವಿಶ್ವಾಸಿ