ರಬ್ಬರ್ ಸ್ಟಾಂಪ್ ಅನ್ನಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನನ್ನ ದನಿ ಏರಿತು. ನೀನು ಊಟ ಮಾಡದೆ ಮಲಗಿದೆಯಂತೆ, ಅಮ್ಮ ಹೇಳಿದಳು. ಕ್ಷಮಿಸಮ್ಮ. ಆದರೆ ಮಾತು ಅರ್ಧಕ್ಕೇ ನಿಂತಿತಲ್ಲ, ಅದನ್ನು ಮುಗಿಸದೆ ನನಗೆ ಸಮಾಧಾನವಿಲ್ಲ. ನೀನು ದೇವದುರ್ಗದ ಶಾಲೆಗೆ ಮೇಷ್ಟ್ರಾಗಿ ಹೊರಟಾಗ ಮನೆಯಲ್ಲಿ ನಡೆದದ್ದು ಇಲ್ಲಿ ಬೇಡ. ಇಬ್ಬರಿಗೂ ಗೊತ್ತಿರುವುದೇ.

ನೀನು ಪಾಠ ಮಾಡುವ ಎಂಟನೇ ಕ್ಲಾಸಿನ ಹುಡುಗಿ ಕೇಳಿದ್ದು ಎಂಥ ಒಳ್ಳೆಯ ಪ್ರಶ್ನೆ! ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮಪ್ಪ ಅಮ್ಮ ಯಾಕೆ ಓಟು ಹಾಕಲ್ಲ ಅಂತ. ಅದಕ್ಕೆ ನೀನು, "ಎಮ್ಮೆಲ್ಲೆಗಳು, ಎಂಪಿಗಳು ಹಾಕ್ತಾರೆ. ಹೇಗೂ ರಬ್ಬರ್ ಸ್ಟಾಂಪ್ ಹುದ್ದೆ, ಪರೀಕ್ಷೆಗೆ ಬೇಕಾದಷ್ಟು ಬರ್ಕೊ" ಅಂದೆಯಂತೆ. ನನಗೆ ಸಿಟ್ಟು ಬಂದದ್ದು ಅದಕ್ಕೇ.

1997ರ ಜುಲೈ. ನಾನು ಆಗ ಹಿರಿಯೂರು ಕಡೆಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಕೆ.ಆರ್. ನಾರಾಯಣನ್ ರಾಷ್ಟ್ರಪತಿ ಚುನಾವಣೆ ಗೆದ್ದ ಸುದ್ದಿಯ ಪೇಪರನ್ನು ಬೋರ್ಡಿನ ಪಕ್ಕ ಅಂಟಿಸಿದ್ದೆ. ಕೇರಳದ ಉಳವೂರಿನ ಹುಲ್ಲಿನ ಗುಡಿಸಲಲ್ಲಿ ಹುಟ್ಟಿ, ಮೈಲುಗಟ್ಟಲೆ ನಡೆದು ಶಾಲೆಗೆ ಹೋದವರು, ಆ ಹುದ್ದೆಗೇರಿದ ಮೊದಲ ದಲಿತ ಅಂತ ಹೇಳುತ್ತಿದ್ದೆ. ಕೊನೆಯ ಬೆಂಚಿನಲ್ಲೊಬ್ಬ ಹುಡುಗ ಇದ್ದ. ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆದವನಲ್ಲ. ಅವನು ಎದ್ದು ನಿಂತ. "ಸಾರ್, ಇವರನ್ನ ಆರಿಸಿದ್ದು ಯಾರು? ನಮ್ಮಪ್ಪ ಓಟೇ ಹಾಕಿಲ್ವಲ್ಲ" ಅಂದ. ಕ್ಲಾಸು ನಕ್ಕಿತು. ಅವನು ಕೂರಲಿಲ್ಲ.

ನಿಮ್ಮಪ್ಪ ಹಾಕಿದ್ದಾನಪ್ಪಾ ಅಂದೆ. ಚಾಕ್ ಹಿಡಿದು ತೋರಿಸಿದೆ. ನಿಮ್ಮಪ್ಪನ ಓಟಿನಿಂದ ಒಬ್ಬ ಎಮ್ಮೆಲ್ಲೆ ಬಂದರು. ಆ ಎಮ್ಮೆಲ್ಲೆಯ ಓಟು ಬರೀ ಒಂದಲ್ಲ, 131. ಹೇಗೆ ಬಂತು? 1971ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನ 2,92,99,014. ಅದನ್ನು 224 ಎಮ್ಮೆಲ್ಲೆಗಳಿಗೆ ಭಾಗಿಸು, ಬಂದದ್ದನ್ನು ಸಾವಿರಕ್ಕೆ ಭಾಗಿಸು. ಹುಡುಗರೇ ಲೆಕ್ಕ ಮಾಡಿದರು. 130ರ ಮೇಲೆ ಅರ್ಧಕ್ಕಿಂತ ಜಾಸ್ತಿ ಬಂತು, 131 ಅಂದರು. ಆ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಎರಡು ಸಲ ಭಾಗಾಕಾರ ಮಾಡಿದ. ಬೆಲ್ ಹೊಡೆದ ಮೇಲೂ ಹೋಗಲಿಲ್ಲ, ಮೂರನೇ ಸಲ ಮಾಡುತ್ತಿದ್ದ.

ಇದೇ ಲೆಕ್ಕದಲ್ಲಿ ಉತ್ತರ ಪ್ರದೇಶದ ಎಮ್ಮೆಲ್ಲೆಯ ಓಟಿಗೆ 208, ಸಿಕ್ಕಿಂನವರದಕ್ಕೆ 7. ಎಲ್ಲಾ ಎಮ್ಮೆಲ್ಲೆಗಳ ಓಟು ಕೂಡಿ, ಆರಿಸಿ ಬಂದ ಎಂಪಿಗಳ ಸಂಖ್ಯೆಗೆ ಭಾಗಿಸಿದರೆ ಎಂಪಿಯ ಓಟು. 2022ರಲ್ಲಿ ಅದು 700 ಇತ್ತು. ಚುನಾವಣೆಯಿಲ್ಲದೆ ನಾಮಕರಣಗೊಂಡ ಸದಸ್ಯರಿಗೆ ಓಟಿಲ್ಲ, ವಿಧಾನ ಪರಿಷತ್ತಿನವರಿಗೂ ಇಲ್ಲ. ಇನ್ನೂ 1971ರ ಜನಸಂಖ್ಯೆಯೇ ಯಾಕೆ ಅಂತ ನಿನ್ನ ಮಕ್ಕಳು ಕೇಳೇ ಕೇಳುತ್ತಾರೆ. ಹೆರಿಗೆ ಮಿತಿ ಮಾಡಿಕೊಂಡ ರಾಜ್ಯಕ್ಕೆ ಅದೇ ಕಾರಣಕ್ಕೆ ಬಲ ಕಡಿಮೆ ಆಗಬಾರದು ಅಂತ ಸಂವಿಧಾನ ತಿದ್ದಿ ಅಲ್ಲಿಗೇ ನಿಲ್ಲಿಸಿದ್ದಾರೆ. ತಪ್ಪಿಸಿಕೊಳ್ಳದೆ ಹೇಳು.

ಆ ಹುಡುಗನ ವಿಷಯ ಇನ್ನೂ ಮುಗಿದಿಲ್ಲ. 1998ರ ಲೋಕಸಭೆ ಚುನಾವಣೆಯಲ್ಲಿ ನಾರಾಯಣನ್ ರಾಷ್ಟ್ರಪತಿ ಭವನದ ಆವರಣದ ಶಾಲೆಯಲ್ಲಿ ಸಾಲಿನಲ್ಲಿ ನಿಂತು ಓಟು ಹಾಕಿದರು. ಹುದ್ದೆಯಲ್ಲಿದ್ದಾಗ ಓಟು ಹಾಕಿದ ಮೊದಲ ರಾಷ್ಟ್ರಪತಿ. ಈ ಹುಡುಗ ಆ ಫೋಟೊ ಕತ್ತರಿಸಿ ಸಮಾಜ ಪುಸ್ತಕದ ರಟ್ಟಿಗೆ ಅನ್ನದ ಅಗುಳಿನಿಂದ ಅಂಟಿಸಿಕೊಂಡಿದ್ದ. ಅಂಚಿನಲ್ಲಿ ಅಗುಳು ಒಣಗಿ ಹಾಗೇ ಕಾಣುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಎಲ್ಲಿಗೆ ಹೋದನೋ ಗೊತ್ತಾಗಲಿಲ್ಲ. ನಿನ್ನೆ ನಿನ್ನ ಮಾತು ಕೇಳಿದಾಗ ಅವನೇ ಕಣ್ಣೆದುರಿಗೆ ಬಂದ. ಅವತ್ತು ನಾನು "ಸುಮ್ನೆ ಕೂತ್ಕೊಳೋ" ಅಂದಿದ್ದರೆ? ಹದಿಮೂರು ವರ್ಷಕ್ಕೇ ಒಂದು ಮಗು "ಇದು ನಮಗೆ ಸೇರಿದ್ದಲ್ಲ" ಅಂತ ತೀರ್ಮಾನ ಮಾಡಿಬಿಟ್ಟರೆ ಆಮೇಲೆ ಯಾವ ಪಾಠವೂ ತಲೆಗೆ ಹತ್ತುವುದಿಲ್ಲ. ನನಗಿರುವ ಭಯ ಇದೊಂದೇ.

ರಬ್ಬರ್ ಸ್ಟಾಂಪ್ ಅನ್ನುವುದೂ ಪೂರ್ತಿ ನಿಜವಲ್ಲ. ಸಂಪುಟದ ಸಲಹೆಯಂತೆ ನಡೆಯಬೇಕು, ಹೌದು. ಆದರೆ ಒಂದು ಸಲ ವಾಪಸ್ ಕಳಿಸಬಹುದು. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶಕ್ಕೆ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸು ಬಂದಾಗ, ಇನ್ನೊಮ್ಮೆ ಯೋಚಿಸಿ ಅಂತ ನಾರಾಯಣನ್ ಹಿಂದಿರುಗಿಸಿದರು. ಸಂಪುಟ ಅದನ್ನು ಕೈಬಿಟ್ಟಿತು.

ರಾಷ್ಟ್ರಪತಿ ಚುನಾವಣೆಯ ಪ್ರಾಶಸ್ತ್ಯ ಮತ, ಅಂದರೆ ಇಷ್ಟದ ಕ್ರಮದಲ್ಲಿ 1, 2, 3 ಅಂತ ಹಾಕುವ ಓಟು, ಮಕ್ಕಳಿಗೆ ಕಷ್ಟ ಅಂದೆಯಲ್ಲ, ಹೀಗೆ ಮಾಡು. ಆಟದ ಪೀರಿಯಡ್ಡಿಗೆ ಯಾವ ಆಟ ಅಂತ ಚುನಾವಣೆ ಇಡು. ಕಬಡ್ಡಿ, ಖೋಖೋ, ವಾಲಿಬಾಲ್. ಚೀಟಿಯಲ್ಲಿ 1, 2, 3 ಅಂತ ಬರೆಯಲಿ. ನಲವತ್ತು ಮಕ್ಕಳಿದ್ದರೆ ಗೆಲ್ಲಲು 21 ಬೇಕು. ಕಬಡ್ಡಿಗೆ 17, ಖೋಖೋಗೆ 15, ವಾಲಿಬಾಲ್‌ಗೆ 8 ಬಂತು ಅಂತಿಟ್ಟುಕೋ. ವಾಲಿಬಾಲ್ ಹೊರಗೆ. ಆ ಎಂಟು ಚೀಟಿಗಳಲ್ಲಿ 2 ಯಾವುದಕ್ಕಿದೆ ನೋಡು. ಆರು ಖೋಖೋಗೆ ಹೋದರೆ ಹಿಂದಿದ್ದದ್ದೇ ಗೆದ್ದಿತು! 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ವಿ.ವಿ. ಗಿರಿ ಮೊದಲ ಎಣಿಕೆಯಲ್ಲಿ ಮುಂದಿದ್ದರೂ ಅರ್ಧ ದಾಟಿರಲಿಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆಯೇ ನೀಲಂ ಸಂಜೀವ ರೆಡ್ಡಿಯವರ ಮೇಲೆ ಗೆದ್ದದ್ದು. 4,20,077ಕ್ಕೆ 4,05,427. ಅದನ್ನೂ ಬೋರ್ಡಿನ ಮೇಲೆ ಬರೆ.

ನೋಡು, ಪತ್ರ ಬರೆಯಲು ಕೂತು ಪಾಠ ಮಾಡಿಬಿಟ್ಟೆ. ಅಷ್ಟು ದೂರದ ಊರಿನಲ್ಲಿ, ಮಕ್ಕಳು ಎದ್ದು ಪ್ರಶ್ನೆ ಕೇಳುವಂಥ ಮೇಷ್ಟ್ರಾಗಿದ್ದೀಯ. ಹೆಮ್ಮೆ ಆಗುತ್ತದೆ, ಫೋನಿನಲ್ಲಿ ಹೇಳಲು ಬರಲಿಲ್ಲ. ಚೀಟಿ ಎಣಿಸಲು ಆ ಹುಡುಗಿಯನ್ನೇ ಕೂರಿಸು. ಯಾವ ಆಟ ಗೆದ್ದಿತು ಅಂತ ಭಾನುವಾರ ಫೋನ್ ಮಾಡಿ ಹೇಳು. ಬಿಸಿಲು ಜಾಸ್ತಿ, ಮಧ್ಯಾಹ್ನ ಛತ್ರಿ ಇಲ್ಲದೆ ಹೊರಡಬೇಡ. ರಾತ್ರಿ ಊಟ ಬಿಡಬೇಡ.

ಇಂತಿ,
ನಿನ್ನ ಅಪ್ಪ