ಶನಿವಾರ ಬರುವಾಗ ಒಂದು ಪ್ಯಾಕೆಟ್ ತನ್ನಿ

ಎಲ್ಲರಿಗೂ ನಮಸ್ಕಾರ. ಮಕ್ಕಳ ಸ್ನ್ಯಾಕ್ಸ್ ಡಬ್ಬಿ ಬಗ್ಗೆ ಮೊನ್ನೆ ಇಲ್ಲಿ ಚರ್ಚೆ ಜೋರಾಗಿತ್ತು ಅಲ್ವಾ? ಅಂಗಡಿ ತಿಂಡಿಯ ಪ್ಯಾಕೆಟ್ ಓದಿ ಅದು ಎಂಥದ್ದು ಅಂತ ತಿಳಿಯೋದು ಹೇಗೆ ಅಂತ ಹೇಳೋಕೇ ಇದು.

ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದವರು ಆಹಾರವನ್ನು ಎಷ್ಟು ಸಂಸ್ಕರಿಸಲಾಗಿದೆ ಅಂತ ನೋಡಿ ಮಾಡಿದ 'ನೋವಾ' ವಿಂಗಡಣೆಯಲ್ಲಿ 4 ಗುಂಪುಗಳಿವೆ. ಅಕ್ಕಿ, ರಾಗಿಹಿಟ್ಟು, ಹಾಲು, ಮೊಸರು ಮೊದಲನೆಯದು. ಎಣ್ಣೆ, ಬೆಲ್ಲ, ಉಪ್ಪು ಎರಡನೆಯದು. ಉಪ್ಪು ಹಾಕಿದ ಕಡಲೆಬೀಜ ಮೂರನೆಯದು. ತೊಂದರೆ ಇರೋದು ನಾಲ್ಕನೆಯದರಲ್ಲಿ, ಅಂದರೆ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿಂಡಿಗಳಲ್ಲಿ.

ನಮ್ಮ ಮನೆಯ ರಾಗಿ ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ನೋಡಿದೆ. ಮೊದಲು ಮೈದಾ, ಆಮೇಲೆ ಸಕ್ಕರೆ, ಪಾಮ್ ಎಣ್ಣೆ. ರಾಗಿ ಬಂದದ್ದು ನಾಲ್ಕನೆಯದಾಗಿ! ಜಾಸ್ತಿ ಇರುವುದನ್ನೇ ಮೊದಲು ಬರೆಯಬೇಕು ಅನ್ನೋದು ನಿಯಮ. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಎಮಲ್ಸಿಫೈಯರ್ 322 (ಎಣ್ಣೆ-ನೀರು ಬೇರೆಯಾಗದಂತೆ ಹಿಡಿದಿಡುವ ಪದಾರ್ಥ), ಕೃತಕ ಸುವಾಸನೆ. ನಮ್ಮ ಅಡುಗೆಮನೆಯಲ್ಲಿ ಸಿಗದ ಇಂಥವು ಕಂಡರೆ ನಾಲ್ಕನೇ ಗುಂಪು ಅಂತ ತಿಳಿಯಿರಿ.

ಒಂದು ಮಾತು. ನೋವಾ ನೋಡುವುದು ತಯಾರಾದ ಬಗೆಯನ್ನು, ಎಣ್ಣೆ-ಸಕ್ಕರೆಯ ಲೆಕ್ಕವನ್ನಲ್ಲ. ಮನೆಯ ಚಕ್ಕುಲಿ ನಾಲ್ಕಕ್ಕೆ ಸೇರುವುದಿಲ್ಲ ನಿಜ, ಹಾಗಂತ ಡಬ್ಬಿ ಖಾಲಿ ಮಾಡಬೇಡಿ!

ಶನಿವಾರ ಸಂಜೆ 5ಕ್ಕೆ ಸೇರೋಣ. ನಿಮ್ಮ ಮನೆಯಲ್ಲಿ ಜಾಸ್ತಿ ಖರ್ಚಾಗುವ ತಿಂಡಿಯ ಪ್ಯಾಕೆಟ್ ತನ್ನಿ. ಖಾಲಿಯಾಗಿದ್ದರೂ ಪರವಾಗಿಲ್ಲ. ಓದುವ ಕನ್ನಡಕ ಮರೀಬೇಡಿ.