ಕ್ವಾರಿ ನೀರು ತೋರಿಸಲು ಹೋಗುವ ಮುಂಚೆ

ಬಕ್ಸ್‌ಟನ್, ಇಂಗ್ಲೆಂಡ್

ಅಣ್ಣನಿಗೆ ತಮ್ಮನ ನಮಸ್ಕಾರಗಳು. ಅವ್ವನಿಗೂ ವೈನಿಗೂ ನಮಸ್ಕಾರ ತಿಳಿಸು. ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರು.

ದಸರಾ ರಜೆಗೆ ಅಕ್ಕನ ಮಕ್ಕಳು ಕುಷ್ಟಗಿಗೆ ಬಂದರೆ ಊರಾಚೆಯ ಹಳೇ ಕ್ವಾರಿಯ ನೀರು ತೋರಿಸಿಕೊಂಡು ಬರುತ್ತೇನೆ ಅಂತ ನೀನು ಅಂದಿದ್ದೆ. ತೋರಿಸು. ನಮ್ಮ ಕುಷ್ಟಗಿ–ಇಳಕಲ್ ಸೀಮೆಯ ಗುಲಾಬಿ ಕಲ್ಲಿನ ನಡುವೆ ಆ ಹಸಿರು ನೀರು ನಿಂತದ್ದು ನೋಡುವಂಥದ್ದೇ. ಆದರೆ ಒಬ್ಬರನ್ನೂ ನೀರಿಗೆ ಇಳಿಸಬೇಡ. ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿತ ಹುಡುಗರು ‘ನಮಗೇನು ಈಸು ಬರಲ್ವಾ’ ಅಂತಾರೆ. ಬಾವಿಯ ಈಸು ಅಲ್ಲಿ ಯಾಕೆ ಸಾಲದು ಅನ್ನುವುದನ್ನು ವಿವರವಾಗಿ ಬರೆಯುತ್ತೇನೆ, ಮಕ್ಕಳಿಗೂ ಓದಿ ಹೇಳು.

ಕೆರೆಯ ತಳ ದಂಡಿಯಿಂದ ಮೆಲ್ಲಗೆ ಇಳಿಯುತ್ತದೆ, ಬಾವಿಗೆ ಮೆಟ್ಟಿಲಿರುತ್ತವೆ. ಕ್ವಾರಿಯನ್ನು ಬೆಂಚು ಬೆಂಚಾಗಿ, ಅಂದರೆ ರಾಕ್ಷಸ ಮೆಟ್ಟಿಲುಗಳಂತೆ, ಕಡಿದಿರುತ್ತಾರೆ. ಗಟ್ಟಿ ಕಲ್ಲಿನಲ್ಲಿ ಒಂದು ಬೆಂಚಿನ ಎತ್ತರ ಸುಮಾರು 6 ಮೀಟರ್, ಅಂದರೆ ಮೂರೂವರೆ ಆಳು. ನೀರಿನ ಮೇಲೆ ಎಷ್ಟು ಬೆಂಚು ಕಾಣುತ್ತವೆ ಎಣಿಸಬಹುದು, ಕೆಳಗೆ ಎಷ್ಟು ಮುಳುಗಿವೆ ಅನ್ನುವುದು ಕಡಿದವರಿಗಷ್ಟೇ ಗೊತ್ತು. ದಂಡಿಯಿಂದ ಒಂದು ಹೆಜ್ಜೆ ತಪ್ಪಿದರೆ ಸೀದಾ ಆಳ. ವೈರ್‌ಸಾ ಎಂಬ ತಂತಿ ಗರಗಸ ಹಾಕಿ ಕೊಯ್ದ ಗೋಡೆ ಕನ್ನಡಿಯಷ್ಟು ನುಣುಪು, ನೀರಿನ ಗೆರೆಗೆ ಪಾಚಿ ಬೇರೆ. ಡ್ರಿಲ್ ಹೊಡೆದು ಸೀಳಿದ ಗೋಡೆಯನ್ನು ಮಕ್ಕಳಿಗೆ ದೂರದಿಂದ ತೋರಿಸು: ಸಾಲಾಗಿ ಅರ್ಧ ಕೊಳವೆಯಂಥ ಗೆರೆಗಳು ಕಾಣುತ್ತವೆ, ಒಂದೊಂದೂ ಹೆಬ್ಬೆರಳು ಕೂರುವಷ್ಟು, 32–34 ಮಿ.ಮೀ. ಜಾಕ್‌ಹ್ಯಾಮರ್ ತೂತಿನ ಅರ್ಧ ಭಾಗ ಅದು. ಆ ಗೆರೆಗಳೂ ಮೇಲಿಂದ ಕೆಳಕ್ಕೆ ನೆಟ್ಟಗೆ ಇರುತ್ತವೆ, ಕಾಲೂರಲು ಅಡ್ಡ ಹಿಡಿ ಸಿಗುವುದಿಲ್ಲ. ಬಿದ್ದವನು ಈಸಬಲ್ಲ, ಹತ್ತಲಾರ. ತೋಳು ಸೋಲುವುದು ಅಲ್ಲೇ.

ತಿಳಿನೀರು ಆಳವನ್ನೂ ಮುಚ್ಚಿಡುತ್ತದೆ. ಬೆಳಕು ಬಾಗುವುದರಿಂದ 4 ಮೀಟರ್ ನೀರು ಮೇಲಿಂದ ನೋಡಿದರೆ 3 ಮೀಟರಿನಂತೆ ಕಾಣುತ್ತದೆ. ಬಿಸಿಲಿಗೆ ಮೇಲಿನ ನೀರು ಬೆಚ್ಚಗಾಗಿ ಹಗುರಾಗಿ ಮೇಲೇ ನಿಲ್ಲುತ್ತದೆ, ಗೋಡೆಗಳು ಗಾಳಿ ತಡೆಯುವುದರಿಂದ ಕದಡುವುದೂ ಕಡಿಮೆ. ಅದಕ್ಕೇ ಧುಮುಕಿದವನಿಗೆ ಎರಡಾಳು ಕೆಳಗೆ ತಟ್ಟನೆ ತಣ್ಣಗಿನ ನೀರು ಸಿಕ್ಕಿ ಉಸಿರು ಹಿಡಿದಂತಾಗುತ್ತದೆ. ತಳದಲ್ಲಿ ಬಿಟ್ಟುಹೋದ ಬ್ಲಾಕು, ಕಬ್ಬಿಣದ ಹಗ್ಗ ಇದ್ದರೂ ಮೇಲಿನವರಿಗೆ ಕಾಣದು.

ಲಾರಿ ಇಳಿಯುತ್ತಿದ್ದ ರ‍್ಯಾಂಪಿನ ಕಡೆಯಿಂದಲೇ ಹೋಗಿ ನಿಂತು ನೋಡಿರಿ. ಮಕ್ಕಳು ಕಾಲು ತೊಯ್ಸಿಕೊಳ್ಳುವುದೂ ಬೇಡ. ರ‍್ಯಾಂಪು 10 ಮೀಟರಿಗೆ 1 ಮೀಟರಿನಂತೆ ಇಳಿದಿದ್ದರೆ, ನೀರೊಳಗೆ 5 ಮೀಟರ್ ನಡೆದರೂ ಮೊಣಕಾಲು ಮಟ್ಟ, ಅದೇ ಮೋಸ. ಅದರ ಪಕ್ಕದ ಅಂಚು ನೀರಲ್ಲಿ ಕಾಣುವುದಿಲ್ಲ, ಅಲ್ಲಿಂದ ಮುಂದೆ ಇಡೀ ಬೆಂಚಿನ ಆಳ.

ಮೇಲಿನ ಅಂಚಿಗೆ 3 ಮೀಟರಿಗಿಂತ ಹತ್ತಿರ ಯಾರೂ ಹೋಗಬಾರದು. ಮಳೆಗೆ ಮೇಲಿನ ಮೊರಂ ಪದರ ನೆನೆದು ಜಾರುತ್ತದೆ. ಅಂಚಿಗೆ ಸಮನಾಗಿ ನೆಲದಲ್ಲಿ ಬಿರುಕು ಕಂಡರೆ ಅದರ ಈಚೆಯೇ ನಿಲ್ಲಿರಿ. ಕಲ್ಲಿನ ಗುಡ್ಡೆ ಹತ್ತಿಸಬೇಡ. ಒಂದು ಘನ ಮೀಟರ್ ಕಲ್ಲು 2.6 ಟನ್ ತೂಗುತ್ತದೆ, ಉರುಳಿದರೆ ತಡೆಯುವವರಿಲ್ಲ. ಬಣ್ಣದ ವೈರು, ಸಣ್ಣ ಲೋಹದ ಕೊಳವೆ ಬಿದ್ದಿದ್ದರೆ ಮುಟ್ಟದೆ ಪೊಲೀಸರಿಗೆ ತಿಳಿಸು, ಸಿಡಿಯದೆ ಉಳಿದ ಡಿಟೋನೇಟರ್ (ಸಿಡಿಮದ್ದು ಹೊತ್ತಿಸುವ ಕೊಳವೆ) ಇರಬಹುದು.

ನೀರು ಕುಡಿಯುವುದೂ ಬೇಡ. ಇಲ್ಲಿ ನಮ್ಮ ಪಕ್ಕದ ಹಾರ್ಪರ್ ಹಿಲ್ ಕ್ವಾರಿಯ ನೀರು ನೀಲಿಯಾಗಿ ಹೊಳೆಯುತ್ತಿತ್ತು. ಸುಣ್ಣದಕಲ್ಲು ಕಡಿದು ಸುಟ್ಟ ಸುಣ್ಣದ ತ್ಯಾಜ್ಯ ಬಿದ್ದ ಜಾಗ ಅದು, ನೀರಿನ ಕ್ಷಾರದ ಅಳತೆ, ಅಂದರೆ ಪಿಎಚ್, 11.3, ಬಟ್ಟೆಯ ಬ್ಲೀಚಿಗೆ ಸಮೀಪ. ಆದರೂ ಜನ ಈಸುವುದು ಬಿಡಲಿಲ್ಲ, 2013ರಲ್ಲಿ ನೀರಿಗೇ ಕಪ್ಪು ಬಣ್ಣ ಸುರಿಯಬೇಕಾಯಿತು. ನಮ್ಮದು ಗ್ರಾನೈಟು, ಆ ಕ್ಷಾರ ಇಲ್ಲ. ಆದರೆ ಕೊಪ್ಪಳ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಕಾಟ ನಿನಗೆ ಗೊತ್ತೇ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.5. ಬಿರುಕಿನಿಂದ ಒಸರಿದ ನೀರಲ್ಲಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸದೆ ದನಕ್ಕೂ ಕುಡಿಸಬಾರದು.

ಹೋಗುವಾಗ 20 ಮೀಟರ್ ಪ್ಲಾಸ್ಟಿಕ್ ಹಗ್ಗ ಒಯ್ಯಿ, 8–10 ಮಿ.ಮೀ. ದಪ್ಪದ್ದು. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ನೈಲಾನ್ ಮುಳುಗುತ್ತದೆ. ಕೊಳ್ಳುವಾಗ ತುಂಡೊಂದನ್ನು ಬಕೆಟ್ ನೀರಿಗೆ ಹಾಕಿ ನೋಡು. ತುದಿಗೆ 5 ಲೀಟರಿನ ಎಣ್ಣೆ ಕ್ಯಾನು ಕಟ್ಟು, ಒಳಗೆ ಒಂದು ಲೋಟ ನೀರು ಬಿಟ್ಟು ಮುಚ್ಚಳ ಬಿಗಿ ಮಾಡು. ಖಾಲಿ ಕ್ಯಾನು ಗಾಳಿಗೆ ವಾಪಸ್ ಬರುತ್ತದೆ, ತೂಕವಿದ್ದರೆ ಗುರಿಗೆ ಹೋಗುತ್ತದೆ. ಯಾರಾದರೂ ಬಿದ್ದರೆ ಹಿಂದೆ ಧುಮುಕಬೇಡ, ಮುಳುಗುವವನು ನಿನ್ನ ಹೆಗಲೇ ಹತ್ತುತ್ತಾನೆ. ನೆಲಕ್ಕೆ ಮಲಗಿ ಕ್ಯಾನು ಅವನ ಆಚೆ ಬೀಳುವಂತೆ ಎಸೆದು, ರ‍್ಯಾಂಪಿನ ಕಡೆ ಎಳೆದುಕೋ. ಇನ್ನೊಬ್ಬರು ಆಗಲೇ 112ಕ್ಕೆ ಫೋನ್ ಹಚ್ಚಲಿ.

ಮೇಲೆ ತಂದಾಗ ಉಸಿರಿಲ್ಲದಿದ್ದರೆ ನಮ್ಮ ಕಡೆ ತಲೆಕೆಳಗು ಮಾಡಿ ತಿರುಗಿಸುವ, ಹೊಟ್ಟೆ ಅಮುಕುವ ರೂಢಿ ಇದೆ. ಬೇಡವೇ ಬೇಡ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕೆ ಹೋಗುತ್ತದೆ, ಹೊತ್ತೂ ಕಳೆಯುತ್ತದೆ. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಂದ ಬಾಯಿಗೆ 5 ಸಲ ಉಸಿರು ಕೊಡು. ಆಮೇಲೆ ಎದೆಯ ನಡುವೆ 30 ಸಲ ಒತ್ತು, 2 ಸಲ ಉಸಿರು, ಹಾಗೇ ಮುಂದುವರಿಸು. ದೊಡ್ಡವರಿಗೆ 5–6 ಸೆಂ.ಮೀ. ಆಳ, ನಿಮಿಷಕ್ಕೆ 100–120 ಸಲ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬಾರದು, ಆದ್ದರಿಂದ ಕೈ ಬದಲಿಸಲು ವೈನಿಗೂ ಕಲಿಸಿಡು. ತಲೆದಿಂಬಿನ ಮೇಲೆ ಇವತ್ತೇ ಒಮ್ಮೆ ಒತ್ತಿ ನೋಡಿರಿ.

ನಿನ್ನ ತಮ್ಮ